ಕ್ಯಾಮೆರಾಕ್ಕೆ ಸಾಲ, ಲೆನ್ಸಿಗೆ ಬೂಷ್ಟು

ಹೋದ ಮಳೆಗಾಲದ ಒಂದು ಬೆಳಿಗ್ಗೆ. ನಮ್ಮೂರ ಹಳ್ಳಕ್ಕೆ ಅಡಿಕೆ ದಬ್ಬೆ ಜೋಡಿಸಿ ಹಾಕಿದ ಕಾಲುಸಂಕ. ಕೆಳಗೆ ಕೆಂಪು ನೀರು. ನಾಲ್ಕು ಮಕ್ಕಳು ಶಾಲೆ ಚೀಲ ಬೆನ್ನಿಗೇರಿಸಿ, ಪ್ಲಾಸ್ಟಿಕ್ ಕೊಪ್ಪೆ ಹೊದ್ದು, ಒಬ್ಬರ ಕೈ ಒಬ್ಬರು ಹಿಡಿದು ದಾಟುತ್ತಿದ್ದರು. ಮುಂದಿದ್ದ ಹುಡುಗಿಯ ಮುಖದಲ್ಲಿ ಹೆದರಿಕೆ ಎದ್ದು ಕಾಣುತ್ತಿತ್ತು. ಛತ್ರಿಯನ್ನು ಕುತ್ತಿಗೆಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು ಹತ್ತು ಹನ್ನೆರಡು ಫೋಟೋ ತೆಗೆದೆ.

ಮನೆಗೆ ಬಂದು ಕಂಪ್ಯೂಟರಿಗೆ ಹಾಕಿ ನೋಡಿದರೆ ಎಲ್ಲವೂ ಹಾಲು ಚೆಲ್ಲಿದ ಹಾಗೆ ಬೆಳ್ಳಗೆ. ಮಂಜು ಅಂದುಕೊಂಡೆ. ಪತ್ರಿಕೆಗೆ ಕಳಿಸಿದೆ. ಸಂಜೆ ಡೆಸ್ಕಿನಿಂದ ಫೋನ್ ಬಂತು: "ಮುಖವೇ ಕಾಣ್ತಿಲ್ಲ. ಬೇರೆ ಇದ್ರೆ ಕಳ್ಸಿ." ಬೇರೆ ಇರಲಿಲ್ಲ. ಮರುದಿನ ಒಳಪುಟದಲ್ಲಿ ನಾಲ್ಕು ಸಾಲು ಸುದ್ದಿ ಬಂತು, ಫೋಟೋ ಇಲ್ಲದೆ. ಫೋಟೋ ಇಲ್ಲದ ಕಾಲುಸಂಕದ ಸುದ್ದಿ ಯಾರ ಕಣ್ಣಿಗೂ ಬೀಳಲಿಲ್ಲ.

ನನಗೆ ಸಿಟ್ಟು ಬಂದಿದ್ದು ಕ್ಯಾಮೆರಾದ ಮೇಲೆ. ಹಳೇ ಬಾಡಿ, ಇದರಿಂದ ಇನ್ನೇನೂ ಆಗುವುದಿಲ್ಲ, ಹೊಸದು ತಗೋಬೇಕು ಅಂತ ತೀರ್ಮಾನ ಮಾಡಿದೆ. ಕಂತಿನ ಕಾಗದ ತಂದೆ. ಜಾಮೀನು ಹಾಕಲು ಚಿಕ್ಕಪ್ಪನನ್ನು ಒಪ್ಪಿಸಿದೆ. ಕೊನೆಗೆ ಹಳೇ ಕ್ಯಾಮೆರಾ ಮಾರಿದರೆ ಎಷ್ಟು ಬರಬಹುದು ಅಂತ ಕೇಳಲು ಪೇಟೆಯ ಸ್ಟುಡಿಯೋ ಅಣ್ಣನ ಹತ್ತಿರ ಹೋದೆ. ಅವರು ಬಾಡಿಯನ್ನು ನೋಡಲೇ ಇಲ್ಲ. ಲೆನ್ಸ್ ಬಿಚ್ಚಿ, ಹಿಂದಿನಿಂದ ಮೊಬೈಲ್ ಟಾರ್ಚ್ ಹಿಡಿದರು.

"ನೋಡಾ ಮಾರಾಯ."

ಒಳಗಡೆ ಗಾಜಿನ ಅಂಚಿನಿಂದ ನಡುವಿಗೆ ಜೇಡರ ಬಲೆಯಂಥ ಎಳೆಗಳು.

"ಇದು ಬೂಷ್ಟು. ಉಪ್ಪಿನಕಾಯಿಗೆ ಹಿಡಿತದಲ್ಲ, ಅದೇ ಜಾತಿ. ಹೊಸ ಬಾಡಿ ತಂದು ಇದೇ ಲೆನ್ಸ್ ಹಾಕಿದ್ರೆ ನಿಂಗೆ ಹೊಸ ಬಾಡಿಯಲ್ಲಿ ಹಳೇ ಮಂಜೇ ಬರೋದು."

ಈ ಬರಹ ಆ ಮಾತಿನಿಂದ ಹುಟ್ಟಿದ್ದು. ನಾನು ಹೇಳುವುದು ಇಷ್ಟೇ: ನಮ್ಮ ಹಳ್ಳಿ ಮತ್ತು ಸಣ್ಣ ಪೇಟೆಗಳ ಫೋಟೋಗ್ರಾಫರುಗಳು ತಪ್ಪು ಜಾಗಕ್ಕೆ ದುಡ್ಡು ಸುರಿಯುತ್ತಿದ್ದೇವೆ. ಬಾಡಿಗೆ ಸಾಲ ಮಾಡುತ್ತೇವೆ, ಲೆನ್ಸನ್ನು ಕೊಳೆಯಲು ಬಿಡುತ್ತೇವೆ. ಹೀಗೆ ಮಾಡಲು ನಮ್ಮನ್ನು ದೂಡುವವರು ಬಹಳ ಜನ ಇದ್ದಾರೆ. ಅವರಲ್ಲಿ ಓದುಗರಾದ ನೀವೂ ಇದ್ದೀರಿ. ಅದಕ್ಕೆ ಆಮೇಲೆ ಬರುತ್ತೇನೆ.

ಕಂತಿನ ಲೆಕ್ಕ ಮೊದಲು ಮಾಡೋಣ

80,000 ರೂಪಾಯಿಯ ಬಾಡಿ. ವರ್ಷಕ್ಕೆ 12 ಪರ್ಸೆಂಟ್ "ಫ್ಲಾಟ್" ಬಡ್ಡಿ, 24 ಕಂತು ಅನ್ನುತ್ತಾರೆ. ಕೇಳಲು ಚಂದ. ಎರಡು ವರ್ಷಕ್ಕೆ ಬಡ್ಡಿ 19,200. ಒಟ್ಟು 99,200. ತಿಂಗಳಿಗೆ 4,133. ನೀವು ಪ್ರತಿ ತಿಂಗಳು ಅಸಲು ತೀರಿಸುತ್ತ ಬಂದರೂ ಬಡ್ಡಿ ಮಾತ್ರ ಕೊನೆಯವರೆಗೂ ಪೂರ್ತಿ 80,000ದ ಮೇಲೆಯೇ ನಡೆಯುತ್ತದೆ. ಹಾಗಾಗಿ ಉಳಿದ ಅಸಲಿನ ಲೆಕ್ಕದಲ್ಲಿ ನೋಡಿದರೆ ಆ 12 ನಿಜವಾಗಿ 21 ಪರ್ಸೆಂಟ್ ದಾಟುತ್ತದೆ.

ಆಷಾಢದಲ್ಲಿ ಮದುವೆ ಇಲ್ಲ, ಕಂತು ಇದೆ. ಪಕ್ಷಮಾಸದಲ್ಲಿ ಗೃಹಪ್ರವೇಶ ಇಲ್ಲ, ಕಂತು ಇದೆ. ನಮ್ಮ ಕಡೆ ಮಳೆ ಹಿಡಿದರೆ ಮೂರ್ನಾಲ್ಕು ತಿಂಗಳು ಹೊರಗೆ ಕೆಲಸವೇ ಕಡಿಮೆ. ಆ ತಿಂಗಳುಗಳಲ್ಲಿ ಕ್ಯಾಮೆರಾ ಬೀರುವಿನಲ್ಲಿ ಮಲಗಿರುತ್ತದೆ. ಲೆನ್ಸಿನೊಳಗೆ ಬೂಷ್ಟು ಬೆಳೆಯುವುದು ಆಗಲೇ. ಕಂತು ಕಟ್ಟುತ್ತಿರುವ ವಸ್ತು ಕಂತು ಮುಗಿಯುವ ಮೊದಲೇ ಕೊಳೆಯುತ್ತದೆ.

ಇನ್ನೊಂದು ಲೆಕ್ಕ. ಬಾಡಿ ಎಂದರೆ ಮೊಬೈಲ್ ಫೋನಿನ ಹಾಗೆ. ಹೊಸ ಮಾದರಿ ಬಂದ ದಿನ ಹಳೆಯದರ ಬೆಲೆ ಇಳಿಯುತ್ತದೆ. ಒಳ್ಳೆಯ ಲೆನ್ಸ್ ಹಿತ್ತಾಳೆ ಹಂಡೆಯ ಹಾಗೆ. ನಿಕಾನಿನವರ ಎಫ್ ಮೌಂಟ್ ಬಂದದ್ದು 1959ರಲ್ಲಿ, ಕ್ಯಾನನ್ನಿನವರ ಇಎಫ್ ಮೌಂಟ್ 1987ರಲ್ಲಿ. ಒಣಗಿದ ಜಾಗದಲ್ಲಿ ಇಟ್ಟುಕೊಂಡವರ ಹಳೇ ಲೆನ್ಸುಗಳು ಈಗಲೂ ಕೆಲಸ ಮಾಡುತ್ತಿವೆ. ಬಾಡಿ ನಾಲ್ಕು ಸಲ ಬದಲಾಗುವಷ್ಟರಲ್ಲಿ ಲೆನ್ಸ್ ಒಂದೇ ಇರಬಹುದು, ನಾವು ಉಳಿಸಿಕೊಂಡರೆ.

"ಹಂಗಾದ್ರೆ ಹೊಸ ಬಾಡಿ ಬೇಡ್ವಾ?"

ನ್ಯಾಯವಾಗಿ ಹೇಳಬೇಕು. ಹೊಸ ಬಾಡಿಯಿಂದ ಉಪಯೋಗ ಇದೆ. ಕತ್ತಲಲ್ಲಿ ಕಾಳು ಕಾಳು ಕಡಿಮೆ ಬರುತ್ತದೆ. ಹೊಸ ಮಿರರ್‌ಲೆಸ್ ಕ್ಯಾಮೆರಾಗಳು ಕಣ್ಣನ್ನೇ ಹುಡುಕಿ ಫೋಕಸ್ ಮಾಡುತ್ತವೆ. ವಿಡಿಯೋ ಚೆನ್ನಾಗಿ ಬರುತ್ತದೆ. ವರ್ಷಕ್ಕೆ ನಲವತ್ತು ಐವತ್ತು ಮದುವೆ ಹಿಡಿಯುವವರಿಗೆ, ವಿಡಿಯೋದಿಂದಲೇ ಜೀವನ ನಡೆಸುವವರಿಗೆ ಅದು ಬೇಕು. ಅವರ ಜೊತೆ ನನ್ನ ಜಗಳ ಇಲ್ಲ.

ಜಗಳ ಇರುವುದು ವರ್ಷಕ್ಕೆ ಎಂಟು ಹತ್ತು ಕಾರ್ಯಕ್ರಮ ಹಿಡಿಯುವ, ಜೊತೆಗೆ ವರದಿಗಾರಿಕೆಯನ್ನೋ ತೋಟವನ್ನೋ ನೋಡಿಕೊಳ್ಳುವ ನಮ್ಮಂಥವರ ಆಸೆಯ ಜೊತೆ. ನಮ್ಮ ಕೈಯಲ್ಲಿರುವ ಹಳೇ 24 ಮೆಗಾಪಿಕ್ಸೆಲ್ ಬಾಡಿಯಿಂದ ಬರುವ ಚಿತ್ರ ಅಗಲಕ್ಕೆ 6000, ಎತ್ತರಕ್ಕೆ 4000 ಚುಕ್ಕೆ. 12×18 ಇಂಚಿನ ಆಲ್ಬಂ ಹಾಳೆಗೆ ಇಂಚಿಗೆ 300 ಚುಕ್ಕೆಯಂತೆ ಬೇಕಾಗುವುದು 5400×3600. ಇನ್ನೂ ಉಳಿಯಿತು. ಫುಲ್ ಎಚ್‌ಡಿ ಪರದೆಯ ಮೊಬೈಲಿನಲ್ಲಿ ನೋಡಲು 2 ಮೆಗಾಪಿಕ್ಸೆಲ್ ಸಾಕು. ನಮಗೆ ಕೊರತೆ ಇರುವುದು ಚುಕ್ಕೆಯದ್ದಲ್ಲ, ಬೆಳಕಿನದ್ದು. ಬೆಳಕನ್ನು ಒಳಗೆ ತರುವುದು ಲೆನ್ಸ್.

ಕ್ಯಾಮೆರಾ ಜೊತೆ ಬಂದ 18-55 ಲೆನ್ಸಿನ ಮೂತಿಯ ಮೇಲೆ ಬರೆದಿರುವುದನ್ನು ಓದಿ: 1:3.5-5.6. ಈ ಸಂಖ್ಯೆ ದೊಡ್ಡದಾದಷ್ಟೂ ಬೆಳಕಿನ ಬಾಗಿಲು ಸಣ್ಣದು. ಮುಖ ಹತ್ತಿರ ಬರಲಿ ಅಂತ 50ಕ್ಕೆ ಜೂಮ್ ಮಾಡಿದರೆ ಬಾಗಿಲು 5.6ಕ್ಕೆ ಬಂದು ನಿಲ್ಲುತ್ತದೆ. ಅದೇ 50 ಮಿ.ಮೀ. ಎಫ್ 1.8 ಲೆನ್ಸ್ ಹಾಕಿದರೆ ಒಳಗೆ ಬರುವ ಬೆಳಕು ಒಂಬತ್ತು ಪಟ್ಟಿಗೂ ಹೆಚ್ಚು. ಹೆಂಚಿನ ಮನೆಯ ಜಗಲಿಯಲ್ಲಿ ಕಿಟ್ ಲೆನ್ಸಿಗೆ ಸೆಕೆಂಡಿನ 15ರಲ್ಲಿ ಒಂದು ಭಾಗ ಬೇಕಾದ ಕಡೆ ಇದಕ್ಕೆ 125ರಲ್ಲಿ ಒಂದು ಭಾಗ ಸಾಕು. 15ರಲ್ಲಿ ಒಂದು ಭಾಗದಲ್ಲಿ ತಾಳಿ ಕಟ್ಟುವ ಕೈ ಅಲ್ಲಾಡಿರುತ್ತದೆ. 125ರಲ್ಲಿ ನಿಂತಿರುತ್ತದೆ. ಯಾವ ಹೊಸ ಬಾಡಿಯೂ ಅಷ್ಟು ಕಡಿಮೆ ದುಡ್ಡಿಗೆ ಇಷ್ಟು ವ್ಯತ್ಯಾಸ ಮಾಡುವುದಿಲ್ಲ. ಈ ಲೆನ್ಸ್ ಪ್ರತಿ ಕಂಪನಿಯ ಪಟ್ಟಿಯಲ್ಲೂ ಅಗ್ಗದ ಸಾಲಿನಲ್ಲೇ ಇರುತ್ತದೆ. ಸೆಕೆಂಡ್ ಹ್ಯಾಂಡ್ ಆದರೆ ಇನ್ನೂ ಕಡಿಮೆ.

ಆದರೆ ಕಣ್ಣು ಮುಚ್ಚಿ 50 ತಗೋಬೇಡಿ. ನಮ್ಮ ಬಹುತೇಕರ ಕ್ಯಾಮೆರಾಗಳಲ್ಲಿ ಸೆನ್ಸರ್ ಸಣ್ಣದು. ಅದರಲ್ಲಿ 50 ಹಾಕಿದರೆ 75 ಅಥವಾ 80ರ ಹಾಗೆ ಕಾಣುತ್ತದೆ. ಒಬ್ಬರ ಮುಖಕ್ಕೆ ಚಂದ, ಸಣ್ಣ ಕೋಣೆಯಲ್ಲಿ ಇಕ್ಕಟ್ಟು. ಹಿಂದೆ ಸರಿಯುತ್ತಾ ಸರಿಯುತ್ತಾ ಅಡುಗೆಮನೆಗೆ ಬಿದ್ದಿರುತ್ತೀರಿ. ಮನೆಯೊಳಗೇ ಹೆಚ್ಚು ಕೆಲಸ ಇರುವವರಿಗೆ 35 ಮಿ.ಮೀ. ಎಫ್ 1.8 ಸರಿ. ಮತ್ತೆ, ಇಪ್ಪತ್ತು ಜನರ ಗುಂಪು ಫೋಟೋವನ್ನು 1.8ರಲ್ಲಿ ತೆಗೆದರೆ ಮುಂದಿನ ಸಾಲು ಸ್ಪಷ್ಟ, ಹಿಂದಿನ ಸಾಲಿನ ದೊಡ್ಡಮ್ಮಂದಿರು ಮಸುಕು. ಗುಂಪಿಗೆ 5.6ಕ್ಕೆ ಏರಿಸಿ, ಫ್ಲ್ಯಾಶ್ ಹಾಕಿ.

ಹಳೇ ನಿಕಾನ್ ಇರುವವರಿಗೆ ಒಂದು ಎಚ್ಚರಿಕೆ. ಡಿ3000, ಡಿ5000 ಸಾಲಿನ ಬಾಡಿಗಳಲ್ಲಿ ಫೋಕಸ್ ಮೋಟಾರ್ ಇಲ್ಲ. ಅಗ್ಗಕ್ಕೆ ಸಿಕ್ಕಿತು ಅಂತ 50 ಮಿ.ಮೀ. 1.8 "ಡಿ" ಲೆನ್ಸ್ ತಂದರೆ ಕೈಯಲ್ಲೇ ತಿರುಗಿಸಿ ಫೋಕಸ್ ಮಾಡಬೇಕು. ಎಎಫ್-ಎಸ್ ಅಂತ ಬರೆದಿರುವ "ಜಿ" ಲೆನ್ಸ್ ನೋಡಿ ತಗೊಳ್ಳಿ.

"ಈಗ ಎಲ್ಲ ಮಿರರ್‌ಲೆಸ್, ಹಳೇ ಲೆನ್ಸ್ ತಗೊಂಡು ಏನು ಮಾಡ್ಲಿ?" ಅನ್ನುವವರಿಗೆ: ಕ್ಯಾನನ್ನಿನ ಇಎಫ್, ಇಎಫ್-ಎಸ್ ಲೆನ್ಸುಗಳು ಅಡಾಪ್ಟರ್ ಹಾಕಿದರೆ ಅವರ ಹೊಸ ಆರ್ ಸಾಲಿನ ಕ್ಯಾಮೆರಾಗಳಲ್ಲಿ ಕೆಲಸ ಮಾಡುತ್ತವೆ. ನಿಕಾನಿನ ಎಎಫ್-ಎಸ್ ಲೆನ್ಸುಗಳೂ ಎಫ್‌ಟಿಜೆಡ್ ಅಡಾಪ್ಟರಿನಲ್ಲಿ ಝಡ್ ಕ್ಯಾಮೆರಾಗಳಲ್ಲಿ ತಾವೇ ಫೋಕಸ್ ಮಾಡುತ್ತವೆ. ಲೆನ್ಸಿಗೆ ಹಾಕಿದ ದುಡ್ಡು ನಾಳೆಯೂ ನಿಮ್ಮ ಜೊತೆ ಬರುತ್ತದೆ.

ಅಡಿಕೆ ಒಣಗಿಸುವವರಿಗೆ ಲೆನ್ಸ್ ಒಣಗಿಸಲು ಬರುವುದಿಲ್ಲವೆ?

ಮಲೆನಾಡಿನವರಿಗೆ ತೇವದ ಬಗ್ಗೆ ಪಾಠ ಹೇಳಬೇಕಾಗಿಲ್ಲ. ಆಗುಂಬೆ, ಹುಲಿಕಲ್ಲಿನ ಕಡೆ ವರ್ಷಕ್ಕೆ 7000 ಮಿಲಿಮೀಟರ್ ಆಸುಪಾಸು ಮಳೆ ಸುರಿಯುತ್ತದೆ. ಉಪ್ಪಿನಕಾಯಿ ಭರಣಿಗೆ ಒದ್ದೆ ಸೌಟು ಹಾಕಿದರೆ ಅಮ್ಮ ಬಿಡುವುದಿಲ್ಲ. ಹಪ್ಪಳದ ಡಬ್ಬಿಯ ಮುಚ್ಚಳ ಬಿಗಿಯಾಗಿರಬೇಕು. ಬಿತ್ತನೆ ಬೀಜ ಹೊಗೆ ಅಟ್ಟದ ಮೇಲೆ. ಕಾಳುಮೆಣಸು ಒಣಗಿದೆಯೋ ಇಲ್ಲವೋ ಕೈಯಲ್ಲಿ ಹಿಡಿದೇ ಹೇಳುತ್ತೇವೆ. ಇಷ್ಟೆಲ್ಲ ಗೊತ್ತಿರುವ ನಾವು ಇಪ್ಪತ್ತು ಸಾವಿರದ ಲೆನ್ಸನ್ನು ಸ್ಪಂಜಿನ ಬ್ಯಾಗಿನಲ್ಲಿ ಹಾಕಿ, ಜಿಪ್ ಎಳೆದು, ಕತ್ತಲ ಬೀರುವಿನಲ್ಲಿ ಬಟ್ಟೆಗಳ ಮಧ್ಯೆ ಇಡುತ್ತೇವೆ. ಮಳೆಯಲ್ಲಿ ನೆನೆದ ಬ್ಯಾಗನ್ನೂ ಹಾಗೇ ಇಡುತ್ತೇವೆ. ಬೂಷ್ಟಿಗೆ ಬೇಕಾದದ್ದು ಅಷ್ಟೇ: ತೇವ, ಕತ್ತಲು, ಗಾಳಿ ಆಡದ ಜಾಗ.

ಗಾಳಿಯ ತೇವಾಂಶ 60-65 ಪರ್ಸೆಂಟ್ ದಾಟಿ ಹಾಗೇ ನಿಂತರೆ ಲೆನ್ಸಿನಲ್ಲಿ ಬೂಷ್ಟು ಬೆಳೆಯಲು ಶುರು. ಅದು ಬರೀ ಕೊಳೆಯಾದರೆ ಒರೆಸಿದರೆ ಹೋಗುತ್ತಿತ್ತು. ಬೆಳೆಯುತ್ತಾ ಆಮ್ಲ ಬಿಡುತ್ತದೆ. ಆ ಆಮ್ಲ ಗಾಜಿನ ಮೇಲಿನ ಲೇಪವನ್ನು ತಿನ್ನುತ್ತದೆ. ಆಮೇಲೆ ಬಿಚ್ಚಿ ತೊಳೆದರೂ ಎಳೆ ಹೋಗಿ ಗುರುತು ಉಳಿಯುತ್ತದೆ.

ಈ ಲೇಪ ಅಂದರೇನು ಅಂತ ತಿಳಿದರೆ ಲೆನ್ಸ್ ಒರೆಸುವಾಗ ಕೈ ತಾನೇ ಹಗುರಾಗುತ್ತದೆ. ಬರೀ ಗಾಜಿನ ಪ್ರತಿ ಮೈಯಲ್ಲೂ ಸುಮಾರು 4 ಪರ್ಸೆಂಟ್ ಬೆಳಕು ತಿರುಗಿ ಹೋಗುತ್ತದೆ. ಜೂಮ್ ಲೆನ್ಸಿನಲ್ಲಿ ಗಾಳಿ ಮುಟ್ಟುವ ಅಂಥ ಮೈಗಳು ಹದಿನೆಂಟು ಇದ್ದರೆ, ಲೇಪ ಇಲ್ಲದೆ ಅರ್ಧದಷ್ಟು ಬೆಳಕು ಸೆನ್ಸರ್ ಮುಟ್ಟುವುದೇ ಇಲ್ಲ. ಒಳಗೊಳಗೇ ಓಡಾಡಿ ಚಿತ್ರವನ್ನು ಬಿಳಿಚಿಸುತ್ತದೆ. ಜರ್ಮನಿಯ ಜೈಸ್ ಕಂಪನಿಯಲ್ಲಿ ಅಲೆಕ್ಸಾಂಡರ್ ಸ್ಮಾಕುಲಾ ಅನ್ನುವವರು 1935ರಲ್ಲಿ ಈ ಲೇಪ ಕಂಡುಹಿಡಿದ ಮೇಲೆ ಇಷ್ಟೊಂದು ಗಾಜುಗಳ ಲೆನ್ಸ್ ಮಾಡುವುದು ಸಾಧ್ಯವಾಯಿತು. ನಾವು ಬನಿಯನ್ ತುದಿಯಿಂದ ತಿಕ್ಕುವುದು ಅದನ್ನೇ.

ಕಾಯುವುದು ಹೇಗೆ? ಸಾವಿರಾರು ರೂಪಾಯಿಯ ವಿದ್ಯುತ್ ಕಪಾಟು ಇದೆ. ದುಡ್ಡಿದ್ದವರು ತಗೊಳ್ಳಿ. ಇಲ್ಲದವರಿಗೆ ಇದು:

ಮುಚ್ಚಳಕ್ಕೆ ರಬ್ಬರ್ ಇರುವ, ಗಾಳಿ ಹೋಗದ ದೊಡ್ಡ ಪ್ಲಾಸ್ಟಿಕ್ ಡಬ್ಬಿ. ಅದರಲ್ಲಿ ಕಾಲು ಕಿಲೋದಿಂದ ಅರ್ಧ ಕಿಲೋ ಸಿಲಿಕಾ ಜೆಲ್, ತೆಳು ಬಟ್ಟೆಯ ಗಂಟು ಕಟ್ಟಿ. ಜೊತೆಗೆ ತೇವ ತೋರಿಸುವ ಸಣ್ಣ ಮೀಟರ್. ಅಷ್ಟೂ ಸೇರಿ ಒಂದು ಮೆಮೊರಿ ಕಾರ್ಡಿನ ದುಡ್ಡು. ಮೀಟರ್ 40ರಿಂದ 50ರ ಮಧ್ಯೆ ಇರಲಿ. 30ಕ್ಕಿಂತ ಕೆಳಗೆ ಇಳಿಸುವ ಹಟ ಬೇಡ, ಅತಿಯಾಗಿ ಒಣಗುವುದೂ ಒಳ್ಳೆಯದಲ್ಲ.

ನೀಲಿ ಸಿಲಿಕಾ ಜೆಲ್ ತೇವ ಕುಡಿದ ಮೇಲೆ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಆಗ ಹಳೇ ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ ಮತ್ತೆ ನೀಲಿ ಆಗುವವರೆಗೆ ಬಿಸಿ ಮಾಡಿ, ತಣಿಸಿ, ವಾಪಸ್ ಹಾಕಿ. ಆ ಬಾಣಲೆಯನ್ನು ಅಡುಗೆಗೆ ಬಳಸಬೇಡಿ. ನೀಲಿ ಬಣ್ಣಕ್ಕೆ ಹಾಕುವ ಕೋಬಾಲ್ಟ್ ವಿಷ. ಮಕ್ಕಳ ಕೈಗೆ ಸಿಗದ ಹಾಗೆ ಇಡಿ. ಕಿತ್ತಳೆ ಬಣ್ಣದ, ಕೋಬಾಲ್ಟ್ ಇಲ್ಲದ ಜೆಲ್ ಸಿಕ್ಕರೆ ಅದೇ ಒಳ್ಳೆಯದು. ಅದು ತೇವ ಕುಡಿದಾಗ ಹಸಿರಾಗುತ್ತದೆ.

ಅಕ್ಕಿ ಡಬ್ಬಿಯಲ್ಲಿ ಹೂತಿಡುವುದು ಬೇಡ. ತೌಡಿನ ಪುಡಿ ಲೆನ್ಸಿನ ಸಂದಿಗೆ ಹೋಗುತ್ತದೆ. ಹೊಗೆ ಅಟ್ಟವೂ ಬೇಡ, ಮಸಿ ಮತ್ತು ಎಣ್ಣೆ ಜಿಡ್ಡು ಕೂರುತ್ತದೆ. ಬಿಸಿಲಿಗಿಟ್ಟರೆ ಬೂಷ್ಟು ಸಾಯುತ್ತದೆ ಅಂತ ಅಂಗಳದಲ್ಲಿ ಲೆನ್ಸ್ ಇಟ್ಟು ಹೋಗಬೇಡಿ. ಭೂತಗಾಜಿನ ಹಾಗೆ ಅದು ಬಿಸಿಲನ್ನು ಒಂದು ಕಡೆ ಸೇರಿಸಿ ಬೆಂಕಿ ಹೊತ್ತಿಸಬಲ್ಲದು. ಎಲ್ಲಕ್ಕಿಂತ ಸುಲಭದ ಔಷಧಿ: ವಾರಕ್ಕೊಮ್ಮೆ ಹೊರಗೆ ತೆಗೆದು ನಾಲ್ಕು ಫೋಟೋ ಹೊಡೆಯುವುದು. ಬಳಸುವ ಲೆನ್ಸಿಗೆ ಬೂಷ್ಟು ಹಿಡಿಯುವುದು ಕಡಿಮೆ.

ಬೂಷ್ಟು ಹಿಡಿದ ಲೆನ್ಸನ್ನು ಉಳಿದವುಗಳ ಜೊತೆ ಅದೇ ಬ್ಯಾಗಿನಲ್ಲಿ ಇಡಬೇಡಿ. ಎಳೆ ಸಣ್ಣದಿರುವಾಗಲೇ ರಿಪೇರಿಗೆ ಕಳಿಸಿ. ನಾನು ಕಳಿಸಿದ್ದು ತಡವಾಗಿ. ಎಳೆ ಹೋಯಿತು, ಲೇಪ ಹೋಗಿತ್ತು.

ಬಯಲುಸೀಮೆಯವರು ಇದು ನಮಗಲ್ಲ ಅಂದುಕೊಳ್ಳಬೇಡಿ. ನಿಮ್ಮಲ್ಲಿ ಬೂಷ್ಟಿನ ಜಾಗದಲ್ಲಿ ಧೂಳಿದೆ. ಕರಾವಳಿಯವರಿಗೆ ಉಪ್ಪುಗಾಳಿಯೂ ಸೇರಿ ಎರಡರಷ್ಟು.

ಪಂಕ್ಚರ್ ಅಂಗಡಿಯ ಗಾಳಿ, ಪಂಚೆಯ ತುದಿ

ನಮ್ಮ ಕಡೆ ಲೆನ್ಸ್ ಹಾಳು ಮಾಡುವ ಎರಡು ದೊಡ್ಡ ಆಯುಧಗಳು ಇವು. ಧೂಳಿನಲ್ಲಿ ಸಣ್ಣ ಮರಳ ಕಣ ಇರುತ್ತದೆ. ಅದರ ಮೇಲೆ ಬಟ್ಟೆ ಇಟ್ಟು ತಿಕ್ಕಿದರೆ ಉಪ್ಪುಕಾಗದ ಹಾಕಿ ಉಜ್ಜಿದ ಹಾಗೆ. ಮೊದಲು ಊದಬೇಕು, ಆಮೇಲೆ ಒರೆಸಬೇಕು. ಊದುವುದು ಬಾಯಿಂದ ಅಲ್ಲ, ಎಂಜಲು ಹಾರುತ್ತದೆ. ಪಂಕ್ಚರ್ ಅಂಗಡಿಯ ಕಂಪ್ರೆಸರಿನಿಂದ ಅಂತೂ ಅಲ್ಲವೇ ಅಲ್ಲ. ಆ ಗಾಳಿಯಲ್ಲಿ ನೀರೂ ಎಣ್ಣೆಯೂ ಇರುತ್ತದೆ, ರಭಸಕ್ಕೆ ಧೂಳು ಒಳಗೇ ನುಗ್ಗುತ್ತದೆ. ಕೈಯಲ್ಲಿ ಅದುಮುವ ರಬ್ಬರ್ ಬ್ಲೋಯರ್ ಇನ್ನೂರು ಮುನ್ನೂರು ರೂಪಾಯಿಗೆ ಸಿಗುತ್ತದೆ. ಕ್ಯಾಮೆರಾ ಇರುವ ಪ್ರತಿಯೊಬ್ಬರೂ ಮೊದಲು ಕೊಳ್ಳಬೇಕಾದದ್ದು ಅದು. ಕೊನೆಗೂ ಕೊಳ್ಳದೇ ಇರುವುದೂ ಅದೇ.

ಊದಿದ ಮೇಲೂ ಬೆರಳಚ್ಚು ಉಳಿದರೆ ಮೈಕ್ರೋಫೈಬರ್ ಬಟ್ಟೆಗೆ ಲೆನ್ಸ್ ದ್ರಾವಣದ ಎರಡು ಹನಿ ಹಾಕಿ. ಬಟ್ಟೆಗೆ ಹಾಕಿ, ಗಾಜಿಗಲ್ಲ. ಗಾಜಿಗೆ ಹಾಕಿದರೆ ಅಂಚಿನಿಂದ ಒಳಗೆ ಇಳಿಯುತ್ತದೆ. ನಡುವಿನಿಂದ ಹೊರಕ್ಕೆ ಸುತ್ತುತ್ತಾ ಒರೆಸಿ. ಕಿಟಕಿ ಗಾಜು ಒರೆಸುವ ದ್ರಾವಣ ಬೇಡ. ಒಳಗೆ ನಾಲ್ಕು ಧೂಳಿನ ಕಣ ಕಂಡಿತು ಅಂತ ಸ್ಕ್ರೂಡ್ರೈವರ್ ಹಿಡಿದು ಕೂರಬೇಡಿ. ಅಷ್ಟು ಧೂಳು ಚಿತ್ರದಲ್ಲಿ ಕಾಣುವುದಿಲ್ಲ.

ಇನ್ನು ಕೆಲಸದ ಜಾಗ. ಹೋಮದ ಹೊಗೆಯ ಎದುರು ಲೆನ್ಸ್ ಬದಲಾಯಿಸಬೇಡಿ. ಎಸಿ ಕಲ್ಯಾಣಮಂಟಪದಿಂದ, ಎಸಿ ಕಾರಿನಿಂದ ಒಮ್ಮೆಲೇ ಸೆಖೆಗೆ ಬಂದರೆ ಗಾಜಿನ ಮೇಲೆ ನೀರು ಕೂರುತ್ತದೆ. ಕ್ಯಾಮೆರಾವನ್ನು ಪ್ಲಾಸ್ಟಿಕ್ ಕವರಿನಲ್ಲಿ ಬಿಗಿಯಾಗಿ ಕಟ್ಟಿ ಅರ್ಧ ಗಂಟೆ ಬಿಟ್ಟು ತೆಗೆಯಿರಿ. ಆರ್ಕೆಸ್ಟ್ರಾ, ಡಿಜೆ ಕಡೆ ಲೇಸರ್ ಬೆಳಕು ನೇರ ಲೆನ್ಸಿಗೆ ಬಿದ್ದರೆ ಸೆನ್ಸರ್ ಸುಟ್ಟು ಹೋಗಬಹುದು. ಆ ಗೆರೆ ಆಮೇಲೆ ಪ್ರತಿ ಫೋಟೋದಲ್ಲೂ ಬರುತ್ತದೆ. ವಧೂವರರ ಮುಖಕ್ಕೆ ನೊರೆ ಸ್ಪ್ರೇ ಹೊಡೆಯುವ ಗೆಳೆಯರಿಗೆ ಮೊದಲೇ ಕೈಮುಗಿದು ಹೇಳಿ.

ಅಂಗಡಿಯ "ಕಾಂಬೋ"

ಮೊದಲ ಕ್ಯಾಮೆರಾ ಕೊಂಡಾಗ ನನಗೂ ಒಂದು ಕಾಂಬೋ ಕಟ್ಟಿ ಕೊಟ್ಟಿದ್ದರು. ಯುವಿ ಫಿಲ್ಟರ್, ಲೆನ್ಸಿನ ಮೂತಿಗೆ ತಿರುಗಿಸಿ ಹಾಕುವ ವೈಡ್ ಗಾಜು, ಗಾಳಿಗೆ ಬೀಳುವ ಟ್ರೈಪಾಡ್, ಮೂರು ಬಣ್ಣದ ಬಟ್ಟೆ. ಎರಡು ಸಾವಿರ ಚಿಲ್ಲರೆ. ಒಂದೂ ಉಳಿದಿಲ್ಲ.

ಯುವಿ ಫಿಲ್ಟರ್ ಬಗ್ಗೆ ಅಂಗಡಿಯವರು ಹೇಳುವುದು "ಲೆನ್ಸಿಗೆ ಸೇಫ್ಟಿ" ಅಂತ. ಫಿಲಂ ಕಾಲದಲ್ಲಿ ಅದಕ್ಕೆ ನಿಜವಾದ ಕೆಲಸ ಇತ್ತು. ಡಿಜಿಟಲ್ ಸೆನ್ಸರಿನ ಮುಂದೆಯೇ ಆ ಕಿರಣ ತಡೆಯುವ ಗಾಜು ಇರುತ್ತದೆ. ಅಗ್ಗದ ಫಿಲ್ಟರಿನಲ್ಲಿ ಸರಿಯಾದ ಲೇಪ ಇರುವುದಿಲ್ಲ. ರಾತ್ರಿ ಸೀರಿಯಲ್ ಲೈಟಿನ ಎದುರು ಫೋಟೋ ತೆಗೆದು ನೋಡಿ, ಆಕಾಶದಲ್ಲಿ ಇಲ್ಲದ ದೀಪಗಳು ತಲೆಕೆಳಗಾಗಿ ತೇಲುತ್ತಿರುತ್ತವೆ. ಸಾವಿರಾರು ರೂಪಾಯಿಯ ಗಾಜಿನ ಮುಂದೆ ಇನ್ನೂರು ರೂಪಾಯಿಯ ಗಾಜು ಇಟ್ಟರೆ ಬರುವುದು ಇನ್ನೂರು ರೂಪಾಯಿಯ ಚಿತ್ರ. ಜಾತ್ರೆಯ ಧೂಳು, ಹೋಳಿಯ ಬಣ್ಣ, ಕಡಲ ತೆರೆ ಇರುವ ಕಡೆ ಒಳ್ಳೆಯ ಫಿಲ್ಟರ್ ಒಂದು ಹಾಕಿ, ಮುಗಿದ ಮೇಲೆ ತೆಗೆಯಿರಿ. ಉಳಿದ ದಿನ ಲೆನ್ಸ್ ಹುಡ್ ಸಾಕು. ಅದು ಹೆಚ್ಚಿನ ಬೆಳಕನ್ನೂ ತಡೆಯುತ್ತದೆ, ಬಾಗಿಲಿಗೆ ಬಡಿದರೆ ಪೆಟ್ಟನ್ನೂ ತಾನೇ ತಿನ್ನುತ್ತದೆ, ತುಂತುರು ಹನಿಯನ್ನೂ ಸ್ವಲ್ಪ ದೂರ ಇಡುತ್ತದೆ.

ಕಾಂಬೋದ ದುಡ್ಡಿಗೆ ಬದಲು ಕೊಳ್ಳಬೇಕಾದ್ದು: ಬ್ಲೋಯರ್, ಹುಡ್, ಒಳ್ಳೆಯ ಇನ್ನೊಂದು ಮೆಮೊರಿ ಕಾರ್ಡ್, ಇನ್ನೊಂದು ಬ್ಯಾಟರಿ, ಡಬ್ಬಿ ಮತ್ತು ಜೆಲ್. ಇನ್ನೂ ದುಡ್ಡಿದ್ದರೆ ತಲೆ ತಿರುಗುವ ಫ್ಲ್ಯಾಶ್. ಫ್ಲ್ಯಾಶನ್ನು ಮುಖಕ್ಕೆ ನೇರ ಹೊಡೆಯದೆ ಬಿಳಿ ಸೀಲಿಂಗಿಗೆ ಹೊಡೆದು ಬೆಳಕು ಇಳಿಸಬೇಕು ಅಂತ ಯೂಟ್ಯೂಬಿನವರು ಹೇಳುತ್ತಾರೆ. ಅವರಿಗೆ ಹೆಂಚಿನ ಮನೆ ಗೊತ್ತಿಲ್ಲ. ನಮ್ಮ ಸೀಲಿಂಗ್ ಎಂದರೆ ಮಸಿ ಹಿಡಿದ ರೀಪು, ಪಕಾಸು. ಪಕ್ಕದ ಸುಣ್ಣದ ಗೋಡೆಗೆ ಹೊಡೆಯಿರಿ. ಅದೂ ಇಲ್ಲದಿದ್ದರೆ ಯಾರಾದರೂ ಹುಡುಗನ ಕೈಗೆ ಬಿಳಿ ಥರ್ಮೋಕೋಲ್ ಹಾಳೆ ಕೊಟ್ಟು ನಿಲ್ಲಿಸಿ.

ಸೆಕೆಂಡ್ ಹ್ಯಾಂಡ್ ಲೆನ್ಸ್ ತಗೊಳ್ಳುವವರು ಟಾರ್ಚ್ ಇಲ್ಲದೆ ಹೋಗಬೇಡಿ. ಹಿಂದೆ ಸಣ್ಣ ಲಿವರ್ ಇದ್ದರೆ ಮೆಲ್ಲಗೆ ಸರಿಸಿ ಬಾಗಿಲು ಪೂರ್ತಿ ತೆರೆದು, ಎರಡೂ ಕಡೆಯಿಂದ ಬೆಳಕು ಹಾಯಿಸಿ. ಚುಕ್ಕೆ ಕಂಡರೆ ಧೂಳು, ಎಳೆ ಕಂಡರೆ ಬೂಷ್ಟು. ಎಳೆ ಕಂಡ ಲೆನ್ಸ್ ಎಷ್ಟು ಅಗ್ಗವಾದರೂ ಬಿಟ್ಟು ಬನ್ನಿ. ಸ್ಕ್ರೂ ತಲೆಗಳ ಮೇಲೆ ಗೀರು ಇದ್ದರೆ ಯಾರೋ ಬಿಚ್ಚಿದ್ದಾರೆ ಅಂತ ಅರ್ಥ. ನಿಮ್ಮ ಬಾಡಿಗೆ ಹಾಕಿ ಹತ್ತಿರ, ದೂರ ಫೋಕಸ್ ಮಾಡಿಸಿ ನೋಡಿ. ಆಮೇಲೆ ದುಡ್ಡಿನ ಮಾತು.

ಈಗ ನಿಮ್ಮ ಸರದಿ

ಮದುವೆಗೆ ಫೋಟೋಗ್ರಾಫರನ್ನು ಗೊತ್ತು ಮಾಡಲು ಬಂದ ಹುಡುಗಿಯ ಅಣ್ಣ, ಹುಡುಗನ ಭಾವ ಮೊದಲು ಕೇಳುವುದೇನು? "ನಿಮ್ಮದು ಯಾವ ಕ್ಯಾಮೆರಾ?" ಹಳೇ ಮಾದರಿಯ ಹೆಸರು ಹೇಳಿದ ಕೂಡಲೆ ಮುಖ ಸಪ್ಪೆ ಆಗುತ್ತದೆ. "ಪೇಟೆಯವರ ಹತ್ರ ಹೊಸದು ಬಂದಿದೆಯಂತೆ." ಆ ಒಂದು ಮಾತಿಗೆ ಎಷ್ಟೋ ಹುಡುಗರು ಸಾಲದ ಕಾಗದಕ್ಕೆ ಸಹಿ ಹಾಕಿದ್ದಾರೆ. ಊಟ ಬಡಿಸುವಾಗ ಭಟ್ಟರ ಹತ್ತಿರ "ಯಾವ ಕಂಪನಿ ಕಡಾಯಿ?" ಅಂತ ಯಾರೂ ಕೇಳುವುದಿಲ್ಲ. ಸಾರು ಹೇಗಿದೆ ಅಂತ ನೋಡುತ್ತೇವೆ.

ಇನ್ನು ಮುಂದೆ ಇವನ್ನು ಕೇಳಿ. ಹೆಂಚಿನ ಮನೆಯೊಳಗೆ, ರಾತ್ರಿ ಆರತಕ್ಷತೆಯಲ್ಲಿ ತೆಗೆದ ಒಂದು ಪೂರ್ತಿ ಆಲ್ಬಂ ತೋರಿಸಿ. ಫೋಟೋಗಳನ್ನು ಎಷ್ಟು ಕಡೆ ಕಾಪಿ ಇಡುತ್ತೀರಿ? ಕ್ಯಾಮೆರಾ ಕೈಕೊಟ್ಟರೆ ಏನು ಮಾಡುತ್ತೀರಿ? ಮಳೆಗಾಲದಲ್ಲಿ ಲೆನ್ಸ್ ಹೇಗೆ ಇಡುತ್ತೀರಿ? ಇದಕ್ಕೆ ತಡವರಿಸದೆ ಉತ್ತರ ಕೊಟ್ಟವರಿಗೆ ಕೆಲಸ ಕೊಡಿ. ಕ್ಯಾಮೆರಾ ಯಾವ ಇಸವಿಯದ್ದಾದರೂ ಆಗಲಿ.

ಇದನ್ನು ಫೋನಿನಲ್ಲಿ ಓದುತ್ತಿರುವವರು ಈಗಲೇ ಫೋನ್ ತಿರುಗಿಸಿ ಹಿಂದಿನ ಲೆನ್ಸ್ ನೋಡಿ. ಬೆರಳಿನ ಎಣ್ಣೆ, ಕಿಸೆಯ ಧೂಳು ಇರುತ್ತದೆ. ರಾತ್ರಿ ದೀಪದಿಂದ ಉದ್ದ ಗೆರೆ ಎಳೆದ ಹಾಗೆ ಬರುತ್ತದಲ್ಲ, ಅದು ಬಹಳ ಸಲ ಇದೇ. ಊದಿ, ಕನ್ನಡಕದ ಬಟ್ಟೆಯಿಂದ ಒರೆಸಿ. ಹೊಸ ಫೋನ್ ಕೊಳ್ಳುವ ಯೋಚನೆ ಅರ್ಧಕ್ಕೇ ನಿಂತರೂ ನಿಲ್ಲಬಹುದು.

ನಮ್ಮವರಿಗೂ ಒಂದು ಮಾತು

ನಾವು ಪತ್ರಿಕೋದ್ಯಮ ಓದಿದವರು. ಸಂವಹನದ ಸಿದ್ಧಾಂತ ಬರೆದು ಪಾಸಾದೆವು. ವಿಭಾಗದಲ್ಲಿ ಒಂದು ಕ್ಯಾಮೆರಾ ಇತ್ತು. ಅದು ಬೀರುವಿನಲ್ಲಿತ್ತು, ಬೀಗ ಹಾಕಿತ್ತು. ಹಾಳಾಗಬಾರದು ಅಂತ ಯಾರಿಗೂ ಕೊಡುತ್ತಿರಲಿಲ್ಲ. ಕೊನೆಯ ಸೆಮಿಸ್ಟರಿನಲ್ಲಿ ಹೊರಗೆ ಬಂದಾಗ ಅದರ ಲೆನ್ಸಿನ ತುಂಬ ಬೂಷ್ಟು. ಬಳಸಿದ್ದರೆ ಉಳಿಯುತ್ತಿತ್ತು. ಲೆನ್ಸ್ ಹೇಗೆ ಇಡಬೇಕು ಅಂತ ಒಂದು ತಾಸು ಪಾಠ ಮಾಡಿದ್ದರೆ ನನ್ನದೂ ಉಳಿಯುತ್ತಿತ್ತು.

ತಾಲ್ಲೂಕು ತಾಲ್ಲೂಕಿಗೆ ಛಾಯಾಗ್ರಾಹಕರ ಸಂಘಗಳಿವೆ. ಆಗಸ್ಟ್ 19 ವಿಶ್ವ ಛಾಯಾಗ್ರಹಣ ದಿನ. 1839ರಲ್ಲಿ ಅದೇ ದಿನ ಡಾಗೇರನ ವಿಧಾನವನ್ನು ಪ್ಯಾರಿಸಿನಲ್ಲಿ ಜಗತ್ತಿಗೆ ಬಿಡಿಸಿ ಹೇಳಿದರು. ನಾವು ಆ ದಿನ ಶಾಲು, ಹಾರ, ಫಲಪುಷ್ಪ, ಭಾಷಣ ಮಾಡಿ ಊಟ ಮಾಡುತ್ತೇವೆ. ಮಳೆಗಾಲದ ನಟ್ಟನಡುವೆ ಬರುವ ದಿನ ಅದು. ಒಂದು ವರ್ಷ ಶಾಲು ಬಿಟ್ಟು ಟಾರ್ಚ್ ತನ್ನಿ. ಎಲ್ಲರೂ ತಮ್ಮ ಲೆನ್ಸ್ ತರಲಿ, ಒಬ್ಬರದ್ದೊಬ್ಬರು ನೋಡಲಿ. ಸಂಘದ ದುಡ್ಡಿನಲ್ಲಿ ಹತ್ತು ಕಿಲೋ ಸಿಲಿಕಾ ಜೆಲ್ ತಂದು ಹಂಚಲಿ. ವಿದ್ಯುತ್ ಕಪಾಟು ಒಂದನ್ನು ಸಂಘದ ಕೋಣೆಯಲ್ಲಿ ಇಟ್ಟರೆ ಆಷಾಢದಲ್ಲಿ ಹತ್ತು ಜನರ ಲೆನ್ಸ್ ಅದರಲ್ಲಿ ಮಲಗುತ್ತದೆ.

ನಮ್ಮಲ್ಲಿ ಒಳ್ಳೆಯ ಕಣ್ಣಿಗೆ ಬರಗಾಲ ಎಂದೂ ಇರಲಿಲ್ಲ. ಮೈಸೂರಿನ ಟಿ.ಎಸ್. ಸತ್ಯನ್ ಫಿಲಂ ಕಾಲದಲ್ಲೇ ಸಾಮಾನ್ಯ ಜನರ ಬದುಕನ್ನು ದೇಶವೇ ನೋಡುವ ಹಾಗೆ ತೆಗೆದರು. 1977ರಲ್ಲಿ ಪದ್ಮಶ್ರೀ ಬಂತು. ಪೂರ್ಣಚಂದ್ರ ತೇಜಸ್ವಿ ಇದೇ ಮಲೆನಾಡಿನ ಮೂಡಿಗೆರೆಯಲ್ಲಿ ಕೂತು ಹಕ್ಕಿಗಳ ಫೋಟೋ ತೆಗೆದರು. ಇವರಿಬ್ಬರ ಚಿತ್ರ ನೋಡುವಾಗ ಯಾವ ಬಾಡಿ ಅಂತ ಯಾರೂ ಕೇಳುವುದಿಲ್ಲ.

ನನ್ನ ಕಂತಿನ ಕಾಗದ ಹರಿದು ಹಾಕಿದೆ. ಚಿಕ್ಕಪ್ಪ ಜಾಮೀನಿನಿಂದ ಪಾರಾದರು. ಅದೇ ಹಳೇ ಬಾಡಿಗೆ ಸೆಕೆಂಡ್ ಹ್ಯಾಂಡ್ 35 ಮಿ.ಮೀ. ಲೆನ್ಸ್ ಬಂದಿದೆ, ಟಾರ್ಚ್ ಹಾಕಿ ನೋಡಿಯೇ ತಂದದ್ದು. ಅಮ್ಮನ ಹಪ್ಪಳದ ಡಬ್ಬಿಯ ಪಕ್ಕ ನನ್ನದೂ ಒಂದು ಡಬ್ಬಿ ಇದೆ. ಈಗ ಮೀಟರ್ 46 ತೋರಿಸುತ್ತಿದೆ.

ಕಾಲುಸಂಕ ಅಲ್ಲೇ ಇದೆ. ಈ ವರ್ಷವೂ ದಬ್ಬೆ ಬದಲಾಯಿಸಿದ್ದಾರೆ, ಅಷ್ಟೇ. ಮಳೆ ಹಿಡಿದ ಮೇಲೆ ಮಕ್ಕಳು ಅದರ ಮೇಲೆಯೇ ಶಾಲೆಗೆ ಹೋಗಬೇಕು. ಈ ಸಲ ನಾನು ಹೋದಾಗ ಆ ಹುಡುಗಿಯ ಮುಖ ಕಾಣಬೇಕು. ಮಂಜಿತ್ತು, ಕ್ಯಾಮೆರಾ ಹಳೆಯದು ಅನ್ನುವ ನೆಪ ನನಗೆ ಇನ್ನಿಲ್ಲ.